ತೋಟದ ಮಳೆಮಾಪಕ: ಸೆಂಟು ಪುಸ್ತಕ ಸಾಕೇ, ಟಿಪ್ಪಿಂಗ್ ಬಕೆಟ್ ಮತ್ತು ಲೋರಾ ಬೇಕೇ?

ಮಳೆಲೆಕ್ಕ:
ಕೊಡಗಿನಲ್ಲಿ ಮಳೆ ಲೆಕ್ಕದ ಪುಸ್ತಕ ಇಲ್ಲದ ತೋಟದ ಮನೆ ಅಪರೂಪ. ಬೆಳಿಗ್ಗೆ ಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು "2 ಇಂಚು 35 ಸೆಂಟು" (ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಭಾಗ) ಎಂದು ಬರೆದಿಟ್ಟರೆ ಆ ದಿನದ ಕೆಲಸ ಮುಗಿಯಿತು. ಈ ಪದ್ಧತಿಯನ್ನು ಇನ್ನು ಬಿಡಬಹುದು ಅನ್ನುವುದು ನನ್ನ ವಾದ. ಎಷ್ಟು ಮಳೆ ಬಂತು ಅಂತ ಪುಸ್ತಕ ಹೇಳುತ್ತದೆ. ಯಾವಾಗ ಬಂತು, ಎಷ್ಟು ಜೋರಾಗಿ ಬಂತು ಅಂತ ಹೇಳುವುದಿಲ್ಲ. 4 ಇಂಚು ಮಳೆ ಇಡೀ ದಿನ ಜಿನುಗುವುದಕ್ಕೂ 2 ಗಂಟೆಯಲ್ಲಿ ಸುರಿಯುವುದಕ್ಕೂ ಮಣ್ಣಿನ ಮಟ್ಟಿಗೆ ಅಜಗಜಾಂತರ. ಶಿಲೀಂಧ್ರ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಮೇಲೆ ಒಣಗಲು ಸಮಯ ಸಿಕ್ಕಿತೋ ಇಲ್ಲವೋ ಅನ್ನುವುದೂ ಗಂಟೆ ಲೆಕ್ಕದ ವಿಷಯ.

ಯೋಚಿಸಿರುವ ವ್ಯವಸ್ಥೆ ಹೀಗಿದೆ: 200 ಮಿ.ಮೀ. ಬಾಯಿಯ ಟಿಪ್ಪಿಂಗ್ ಬಕೆಟ್ (ಒಂದು ಬದಿ ತುಂಬಿದಾಗ ಮಗುಚುವ ಪುಟ್ಟ ಜೋಡಿ ಬಟ್ಟಲು; ಒಂದು ಸಲ ಮಗುಚಿದರೆ ಒಂದು ಟಿಪ್), ಟಿಪ್‌ಗೆ 0.2 ಮಿ.ಮೀ., ಇಎಸ್‌ಪಿ32 ಬೋರ್ಡ್ (ಎಣಿಕೆ ಮಾಡುವ ಸಣ್ಣ ಕಂಪ್ಯೂಟರ್ ಚಿಪ್), ಎಸ್‌ಎಕ್ಸ್1262 ಲೋರಾ ಮಾಡ್ಯೂಲ್ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೊ), 10 ವ್ಯಾಟ್ ಸೋಲಾರ್ ಪ್ಯಾನೆಲ್, ಒಂದು 18650 ಲಿಥಿಯಂ ಸೆಲ್. ಮಾಪಕದಿಂದ ಮನೆಗೆ 600 ಮೀಟರ್. ನಡುವೆ ರೊಬಸ್ಟಾ ಕಾಫಿ, ಅದರ ಮೇಲೆ ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು. ಎಲ್ಲಿ ಎಡವುತ್ತದೆ, ಹೇಳಿ.

ಸೆಂಟುಪುಸ್ತಕ:
ಮೊದಲ ತೊಡಕು ಬಕೆಟ್ಟಿನಲ್ಲೇ ಇದೆ. ಒಂದು ಕಡೆ ತುಂಬಿ ಮಗುಚುವ ಹೊತ್ತಿಗೆ ಮೇಲಿಂದ ಬೀಳುವ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದು ಸುರಿಯುವಾಗ, ಅಂದರೆ ಲೆಕ್ಕ ಅತಿ ಮುಖ್ಯವಾಗುವಾಗಲೇ, ಅದು ಕಡಿಮೆ ತೋರಿಸುತ್ತದೆ. ಎರಡನೆಯದು, ಸಿಲ್ವರ್ ಓಕ್‌ನ ಒಂದೇ ಎಲೆ ಆಲಿಕೆಯ ತೂತಿಗೆ ಅಂಟಿದರೂ ಸಾಕು: ನೀರು ಆಲಿಕೆಯಲ್ಲಿ ನಿಂತು, ಮಳೆ ನಿಂತ ಎಷ್ಟೋ ಹೊತ್ತಿನ ಮೇಲೆ ತೊಟ್ಟಿಕ್ಕುತ್ತದೆ. ಆಗ ಮೊಬೈಲಿನಲ್ಲಿ ಬಿಸಿಲ ಹೊತ್ತಿನಲ್ಲಿ ಜಿನುಗು ಮಳೆ ಕಾಣುತ್ತದೆ. ಇರುವೆ ಗೂಡು ಕಟ್ಟಿದರೆ ಬಕೆಟ್ ಅಲುಗುವುದೇ ಇಲ್ಲ, ಪರದೆಯಲ್ಲಿ ಸೊನ್ನೆ. ಕೈಮಾಪಕದಲ್ಲಿ ಎಲೆ ಬಿದ್ದರೆ ಬೆಳಿಗ್ಗೆ ಕಣ್ಣಿಗೇ ಕಾಣುತ್ತದೆ.

ಹೂ ಮಳೆಯ, ಅಂದರೆ ಕಾಫಿ ಹೂ ಅರಳಿಸುವ ಮಳೆಯ, ವಿಷಯ ಇನ್ನೂ ಸೂಕ್ಷ್ಮ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಒಂದು ಇಂಚಿನ ಆಸುಪಾಸು ಮಳೆ ಒಂದೇ ಹದದಲ್ಲಿ ಬೀಳಬೇಕು. 40 ಸೆಂಟು ಬಿದ್ದು ನಿಂತರೆ ಮೊಗ್ಗು ಅರ್ಧಂಬರ್ಧ ಬಿರಿಯುತ್ತದೆ, ಸ್ಪ್ರಿಂಕ್ಲರ್ ಹಾಕಿ ಉಳಿದದ್ದನ್ನು ತುಂಬಿಸಬೇಕಾಗುತ್ತದೆ. 40 ಸೆಂಟೋ 60 ಸೆಂಟೋ ಅನ್ನುವುದರ ಮೇಲೆ ಡೀಸೆಲ್ ಖರ್ಚು ನಿಂತಿದೆ. ಆ ನಿರ್ಧಾರವನ್ನು ನಾನು ಟಿಪ್ ಎಣಿಸುವ ರೀಡ್ ಸ್ವಿಚ್ಚಿನ (ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚುವ ಸ್ವಿಚ್) ಕೈಗೆ ಕೊಡುವುದಿಲ್ಲ.

ಗೋಣಿಕೊಪ್ಪ_ವರ್ಕ್‌ಶಾಪ್:
ಸೆಂಟುಪುಸ್ತಕ ಹೇಳಿದ ಕಡಿತ ನಿಜ. ಆದರೆ ಅದಕ್ಕೆ ಅಳತೆ ಇದೆ, ಹಾಗಾಗಿ ಅದನ್ನು ತಿದ್ದಬಹುದು.

200 ಮಿ.ಮೀ. ಬಾಯಿ ಅಂದರೆ 314 ಚದರ ಸೆಂ.ಮೀ. ಅದಕ್ಕೆ 0.2 ಮಿ.ಮೀ. ಮಳೆ 6.28 ಮಿ.ಲೀ. ನೀರು. ಗಂಟೆಗೆ 20 ಮಿ.ಮೀ. ಬೀಳುವಾಗ ಎರಡು ಟಿಪ್ ನಡುವೆ 36 ಸೆಕೆಂಡ್ ಇರುತ್ತದೆ. ಬಕೆಟ್ ಮಗುಚಲು ಅರ್ಧ ಸೆಕೆಂಡ್ ಹಿಡಿದರೂ ನಷ್ಟ ಶೇಕಡಾ 1.5ರ ಒಳಗೇ. ಗಂಟೆಗೆ 100 ಮಿ.ಮೀ. ದರಕ್ಕೆ ಹೋದರೆ ಅಂತರ 7.2 ಸೆಕೆಂಡಿಗೆ ಇಳಿಯುತ್ತದೆ, ನಷ್ಟ ಶೇಕಡಾ 3ರಿಂದ 7ರ ನಡುವೆ ಎಲ್ಲೋ ಕೂರುತ್ತದೆ. 150ಕ್ಕೆ ಅಂತರ 4.8 ಸೆಕೆಂಡ್, ನಷ್ಟ ಇನ್ನೂ ಹೆಚ್ಚು. ಇದು ಯಾವಾಗಲೂ ಒಂದೇ ದಿಕ್ಕಿನ ತಪ್ಪು, ಎಂದೂ ಹೆಚ್ಚು ತೋರಿಸುವುದಿಲ್ಲ. ಹಾಗಾಗಿ ಟಿಪ್‌ಗಳ ನಡುವಿನ ಅಂತರವನ್ನೂ ದಾಖಲಿಸಿಕೊಂಡರೆ, ಅಂತರ ಕಡಿಮೆಯಾದಂತೆ ಪ್ರತಿ ಟಿಪ್‌ಗೆ ಸ್ವಲ್ಪ ಹೆಚ್ಚು ಬೆಲೆ ಕೊಡುವ ಒಂದು ಸಣ್ಣ ಕೋಷ್ಟಕ ಸಾಕು.

ಆ ಕೋಷ್ಟಕ ತಯಾರಿಸುವುದಕ್ಕೆ ಮೆಡಿಕಲ್ ಅಂಗಡಿಯ ಡ್ರಿಪ್ ಸೆಟ್ ಬಳಸಿ. ಅಡಿಗೆಮನೆಯ ತೂಕದ ಯಂತ್ರದಲ್ಲಿ 500 ಗ್ರಾಂ ನೀರು ತೂಗಿ ಬಾಟಲಿಗೆ ಹಾಕಿ, ಗಾಳಿಯ ದಾರಿ ತೆರೆದಿಟ್ಟು, ಚಕ್ರದ ಕ್ಲಿಪ್ ತಿರುಗಿಸಿ ಒಂದು ಗಂಟೆಯಲ್ಲಿ ಖಾಲಿಯಾಗುವಂತೆ ಬಿಡಿ. ಅದು ಗಂಟೆಗೆ ಸುಮಾರು 16 ಮಿ.ಮೀ. ಮಳೆಗೆ ಸಮ. ಲೆಕ್ಕದಲ್ಲಿ 79 ಅಥವಾ 80 ಟಿಪ್ ಬರಬೇಕು. ಮುಂದೆ ಅದೇ ಅರ್ಧ ಲೀಟರನ್ನು 20 ನಿಮಿಷದಲ್ಲಿ, ಆಮೇಲೆ 10 ನಿಮಿಷದಲ್ಲಿ ಬಿಡಿ. 10 ನಿಮಿಷದ್ದು ಗಂಟೆಗೆ 95 ಮಿ.ಮೀ.ಗೆ ಹತ್ತಿರ, ಡ್ರಿಪ್ ಸೆಟ್ ಅಷ್ಟು ಬೇಗ ಬಿಡದಿದ್ದರೆ ಎರಡು ಸೆಟ್ ಒಟ್ಟಿಗೆ ಇಳಿಸಿ. ಮೂರು ದರಕ್ಕೆ ಮೂರು ಎಣಿಕೆ ಸಿಕ್ಕರೆ ಕೋಷ್ಟಕ ಸಿದ್ಧ. ಒಂದು ಮಾತು: ಶುರು ಮಾಡುವ ಮೊದಲು ಆಲಿಕೆ, ಬಕೆಟ್ ಎರಡನ್ನೂ ಒದ್ದೆ ಮಾಡಿ. ಒಣ ಬಕೆಟ್‌ನಲ್ಲಿ ಮೊದಲ ಒಂದೆರಡು ಮಿ.ಲೀ. ಗೋಡೆಗೇ ಅಂಟಿಕೊಂಡು ಎಣಿಕೆ ಕೆಡುತ್ತದೆ.

ಎಲೆಗೆ ಪರಿಹಾರ: ಆಲಿಕೆಯ ತೂತಿನ ಮೇಲೆ ಚಪ್ಪಟೆ ಜಾಲರಿ ಹಾಕಬೇಡಿ, ಅದರ ಮೇಲೆ ಎಲೆ ಅಂಟಿ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯನ್ನು ಗೋಪುರದ ಹಾಗೆ ಸುತ್ತಿ ನಿಲ್ಲಿಸಿ. ಬುಡದಲ್ಲಿ ಎಲೆ ಸೇರಿದರೂ ಮೇಲ್ಭಾಗದಿಂದ ನೀರು ಇಳಿಯುತ್ತಿರುತ್ತದೆ. ಇರುವೆಗೆ ಕಂಬದ ಸುತ್ತ ಪೆಟ್ರೋಲಿಯಂ ಜೆಲ್ಲಿ ಪಟ್ಟಿ, ನೀರು ಹೊರ ಹೋಗುವ ತೂತುಗಳಿಗೆಲ್ಲ ಸಣ್ಣ ಜಾಲರಿ.

ಕಿಗ್ಗಟ್ಟುನಾಡು_ರೇಡಿಯೊ:
600 ಮೀಟರ್ ಅಂದರೆ ಲೋರಾಕ್ಕೆ ಏನೂ ಅಲ್ಲ ಅಂತ ಜಾಹೀರಾತು ನೋಡಿದವರು ಹೇಳುತ್ತಾರೆ. ಬಯಲಿನಲ್ಲಿ ಅದು ಸರಿ, ಕಾಫಿ ತೋಟದಲ್ಲಿ ಲೆಕ್ಕ ಹಾಕಿಯೇ ಇಳಿಯಬೇಕು.

866 ಮೆಗಾಹರ್ಟ್ಸ್‌ನಲ್ಲಿ 600 ಮೀಟರ್ ಬರೀ ಗಾಳಿಗೆ ನಷ್ಟ ಸುಮಾರು 87 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಏರಿಳಿತದ ಅಳತೆ). ಸೊಪ್ಪಿನೊಳಗಿನ ನಷ್ಟಕ್ಕೆ ವೈಸ್‌ಬರ್ಗರ್ ಸೂತ್ರ ಹಾಕಿದರೆ 100 ಮೀಟರ್ ಎಲೆಗಳ ನಡುವಿನ ದಾರಿಗೆ 19 ಡಿಬಿ, 400 ಮೀಟರಿಗೆ 43 ಡಿಬಿ ಬರುತ್ತದೆ. ಎರಡೂ ಆಂಟೆನಾ ಮರದ ಕೆಳಗೇ ಇದ್ದರೆ 87ಕ್ಕೆ 43 ಸೇರಿ 130. ಕಳಿಸುವ ಬಲ 14 ಡಿಬಿಎಂ, ಆಂಟೆನಾ ಎರಡರಿಂದ 4 ಡಿಬಿ. ತಲುಪುವುದು ಮೈನಸ್ 112 ಡಿಬಿಎಂ. ಲೋರಾದಲ್ಲಿ ಎಸ್‌ಎಫ್ ಅಂಕಿ ಏರಿದಂತೆ ಸಂದೇಶ ನಿಧಾನ, ಆದರೆ ಇನ್ನೂ ಕ್ಷೀಣ ಸಿಗ್ನಲ್ ಕೇಳಿಸುತ್ತದೆ: 125 ಕಿಲೋಹರ್ಟ್ಸ್ ಅಗಲದಲ್ಲಿ ಎಸ್‌ಎಫ್7 ಸುಮಾರು ಮೈನಸ್ 123ರವರೆಗೆ ಕೇಳಿಸಿಕೊಳ್ಳುತ್ತದೆ, ಎಸ್‌ಎಫ್9 ಮೈನಸ್ 129ರವರೆಗೆ. ಕಾಗದದ ಮೇಲೆ 11ರಿಂದ 17 ಡಿಬಿ ಉಳಿತಾಯ. ನಡುವೆ ಒಂದು ದಿಬ್ಬ ಬಂದರೆ ಅದಷ್ಟೂ ಹೋಯಿತು.

ಇನ್ನೊಂದು ಮಾತು ಇಲ್ಲಿ ಬಿಡಿಸಿ ಹೇಳಬೇಕು. "ಮಳೆ ಬಂದರೆ ಸಿಗ್ನಲ್ ಹೋಗುತ್ತದೆ" ಅನ್ನುವುದು ಅರ್ಧ ಸತ್ಯ. ಗಾಳಿಯಲ್ಲಿ ಬೀಳುವ ಹನಿ ಈ ತರಂಗಾಂತರಕ್ಕೆ ಲೆಕ್ಕಕ್ಕೇ ಇಲ್ಲ, ಅದು ಡಿಶ್ ಟಿವಿಯಂಥ 10 ಗಿಗಾಹರ್ಟ್ಸ್ ದಾಟಿದ ಲಿಂಕುಗಳ ಸಮಸ್ಯೆ. ಇಲ್ಲಿ ಸಿಗ್ನಲ್ ತಿನ್ನುವುದು ನೆನೆದ ಎಲೆ, ಮತ್ತು ಕನೆಕ್ಟರಿನೊಳಗೆ ಇಳಿದ ನೀರು. ಆದ್ದರಿಂದಲೇ ಮಾರ್ಚ್ ಬಿಸಿಲಲ್ಲಿ, ಮರಗಸಿ (ನೆರಳುಮರದ ಕೊಂಬೆ ಸವರುವುದು) ಆದ ಮೇಲೆ ಪರೀಕ್ಷೆ ಮಾಡಿ ಖುಷಿಪಟ್ಟ ಲಿಂಕ್ ಜುಲೈಯಲ್ಲಿ ಬಿದ್ದುಹೋಗುತ್ತದೆ. ಬೇಸಿಗೆಯ ಪರೀಕ್ಷೆಯಲ್ಲಿ ಕನಿಷ್ಠ 20 ಡಿಬಿ ಮಿಗಬೇಕು.

ಮಿಗಿಸುವ ದಾರಿ ಕಳಿಸುವ ಬಲ ಏರಿಸುವುದಲ್ಲ, ಮನೆಯ ಕಡೆಯ ಆಂಟೆನಾವನ್ನು ಎಲೆಗಳಿಂದ ಮೇಲೆತ್ತುವುದು. 600 ಮೀಟರಿನ ನಡುಮಧ್ಯದಲ್ಲಿ ಮೊದಲ ಫ್ರೆನೆಲ್ ವಲಯದ (ಎರಡು ಆಂಟೆನಾ ನಡುವೆ ಸಿಗ್ನಲ್ ಹಾಯುವ ಅಂಡಾಕಾರದ ಜಾಗ) ತ್ರಿಜ್ಯ ಸುಮಾರು 7 ಮೀಟರ್, ಅದರಲ್ಲಿ 4 ಮೀಟರಾದರೂ ಬಿಡುವು ಸಿಕ್ಕಿದರೆ ಚೆನ್ನ. ಎತ್ತರದ ಕಂಬದಿಂದ ಆರ್‌ಜಿ58 ಕೇಬಲ್ 10 ಮೀಟರ್ ಎಳೆದರೆ 5ರಿಂದ 6 ಡಿಬಿ ಕೇಬಲ್ಲಿನಲ್ಲೇ ಹೋಗುತ್ತದೆ. ಕಂಬದ ಮೇಲೇ ಡಬ್ಬದಲ್ಲಿ ರಿಸೀವರ್ ಇಟ್ಟು ಕೆಳಗೆ ಈಥರ್ನೆಟ್ ಇಳಿಸುವುದು ಒಳ್ಳೆಯದು. ಕನೆಕ್ಟರಿಗೆ ತಾನಾಗಿ ಬೆಸೆಯುವ ರಬ್ಬರ್ ಟೇಪ್ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್. ಕೇಬಲ್ ಡಬ್ಬಕ್ಕೆ ಸೇರುವ ಮೊದಲು ಕೆಳಗೆ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ತರಂಗಾಂತರ: ನಮ್ಮಲ್ಲಿ ಪರವಾನಗಿ ಬೇಡದ್ದು 865ರಿಂದ 868 ಮೆಗಾಹರ್ಟ್ಸ್; 2005ರ ಅಧಿಸೂಚನೆಯಲ್ಲಿ 867ರವರೆಗೆ ಇತ್ತು, 2021ರಲ್ಲಿ 868ಕ್ಕೆ ವಿಸ್ತರಿಸಿದರು. ವಾಹಕದ ಅಗಲಕ್ಕೆ 200 ಕಿಲೋಹರ್ಟ್ಸ್ ಮಿತಿ ಇದೆ, 125ರಲ್ಲೇ ಇರಿ. ಅಗ್ಗಕ್ಕೆ ಸಿಗುತ್ತದೆ ಅಂತ 915ರ ಮಾಡ್ಯೂಲ್ ತರಬೇಡಿ, 890ರಿಂದ 915 ಇಲ್ಲಿ ಮೊಬೈಲಿಗೆ ಹಂಚಿದ ಪಟ್ಟಿ. 868 ಎಂದು ಬರೆದದ್ದು ನಡೆಯುತ್ತದೆ. ಕಾಲು ತರಂಗದ ಆಂಟೆನಾ ತಂತಿ ನೀವೇ ಕತ್ತರಿಸುವುದಾದರೆ 82 ಮಿ.ಮೀ.

ಮಿಲಿಆಂಪ್:
10 ವ್ಯಾಟ್ ಪ್ಯಾನೆಲ್ ಯಾಕೆ? ಈ ಯಂತ್ರಕ್ಕೆ ಸೋಲಾರೇ ಬೇಡ. ಮರದ ನೆರಳಿನಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಪಾಚಿ ಹಿಡಿದ ಗಾಜಿನ ಮೇಲೆ ಪ್ಯಾನೆಲ್ ಕೊಡುವುದು ಅಷ್ಟಕ್ಕಷ್ಟೆ. ಜತೆಗೆ ಪ್ಯಾನೆಲ್ಲಿನ ತಂತಿ ಡಬ್ಬಕ್ಕೆ ಇನ್ನೊಂದು ತೂತು, ನೀರು ಇಳಿಯಲು ಇನ್ನೊಂದು ದಾರಿ.

ಲೆಕ್ಕ ನೋಡಿ. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ ಕಳಿಸುವುದು. 20 ಬೈಟ್ ಸಂದೇಶ ಎಸ್‌ಎಫ್9ರಲ್ಲಿ ಗಾಳಿಯಲ್ಲಿರುವುದು 185 ಮಿಲಿಸೆಕೆಂಡ್. ಪೂರ್ಣ ಬಲದ 120 ಮಿಲಿಆಂಪ್ ಹಿಡಿದರೂ ದಿನಕ್ಕೆ 0.6 ಮಿಲಿಆಂಪ್ ಗಂಟೆ. ಎಚ್ಚರಗೊಂಡು ಓದಿ ಮಲಗಲು ಅರ್ಧ ಸೆಕೆಂಡ್, 50 ಮಿಲಿಆಂಪ್: ಇನ್ನೊಂದು 0.67. ನಿದ್ದೆಯಲ್ಲಿ 20 ಮೈಕ್ರೋಆಂಪ್: 0.48. ಒಟ್ಟು 1.75. ಜೂನ್‌ನಿಂದ ನವೆಂಬರ್‌ವರೆಗೆ 180 ದಿನಕ್ಕೆ 315 ಮಿಲಿಆಂಪ್ ಗಂಟೆ. ಒಂದು 32700 ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 6000 ಮಿಲಿಆಂಪ್ ಗಂಟೆಯದು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಾಪಕ ತೊಳೆಯುವಾಗ, ಬಿಚ್ಚಿ ತಂದು ಚಾರ್ಜ್ ಮಾಡಿದರೆ ಬೇಕಾದಷ್ಟಾಯಿತು.

ಆದರೆ ಇದೆಲ್ಲ ಬರಿಯ ಮಾಡ್ಯೂಲಿಗೆ. ಯುಎಸ್‌ಬಿ ಇರುವ ಡೆವ್ ಬೋರ್ಡ್ (ಪ್ರಯೋಗಕ್ಕೆಂದು ಮಾಡಿದ ಸಿದ್ಧ ಬೋರ್ಡ್) ತಂದರೆ ಅದರ ಯುಎಸ್‌ಬಿ ಚಿಪ್, ರೆಗ್ಯುಲೇಟರ್, ಕೆಂಪು ಎಲ್‌ಇಡಿ ಸೇರಿ ನಿದ್ದೆಯಲ್ಲೂ 10 ಮಿಲಿಆಂಪ್ ಕುಡಿಯುವ ಬೋರ್ಡುಗಳಿವೆ. ದಿನಕ್ಕೆ 240. ಅದೇ 6000ದ ಸೆಲ್ 25 ದಿನಕ್ಕೆ ಖಾಲಿ. "ಲೋರಾ ನೋಡ್ (ಮಾಪಕದ ಬಳಿ ಇದ್ದು ಸಂದೇಶ ಕಳಿಸುವ ಯಂತ್ರ) ತಿಂಗಳೂ ಬಾಳಲಿಲ್ಲ" ಅನ್ನುವ ದೂರುಗಳ ಹಿಂದೆ ಬಹುಪಾಲು ಇದೇ ಕಾರಣ. ಕೊಂಡ ದಿನವೇ ಮಲ್ಟಿಮೀಟರನ್ನು ಮೈಕ್ರೋಆಂಪ್‌ಗೆ ಇಟ್ಟು ನಿದ್ದೆಯ ಕರೆಂಟ್ ಅಳೆಯಿರಿ.

ಈ ಸೆಲ್ 3.2 ವೋಲ್ಟಿನದು, ಇಎಸ್‌ಪಿ32ಗೆ ರೆಗ್ಯುಲೇಟರ್ ಇಲ್ಲದೆ ನೇರ ಕೊಡಬಹುದು. ಪೂರ್ತಿ ತುಂಬಿದಾಗ 3.65ಕ್ಕೆ ಹೋಗುತ್ತದೆ, ಚಿಪ್ಪಿನ ಮಿತಿ 3.6. ಆದ್ದರಿಂದ ಚಾರ್ಜರನ್ನು 3.5ಕ್ಕೆ ನಿಲ್ಲಿಸಿ. 18650ರ ಲಿಥಿಯಂ ಅಯಾನ್ ಸೆಲ್ 4.2 ವೋಲ್ಟಿನದು, ಅದನ್ನು ಹೀಗೆ ನೇರ ಕೊಟ್ಟರೆ ಚಿಪ್ ಸುಡುತ್ತದೆ.

ರೀಡ್ ಸ್ವಿಚ್ಚಿನಲ್ಲಿ ಒಂದು ಕೊಡಗಿನದೇ ಸಮಸ್ಯೆ ಇದೆ. ಬಕೆಟ್ಟಿನ ಅಯಸ್ಕಾಂತ ಸ್ವಿಚ್ಚಿನ ಎದುರಿಗೇ ನಿಂತುಬಿಟ್ಟರೆ ಸ್ವಿಚ್ ಮುಚ್ಚಿಯೇ ಇರುತ್ತದೆ, 10 ಕಿಲೋಓಮ್ ಪುಲ್ ಅಪ್ (ಸ್ವಿಚ್ ತೆರೆದಾಗ ಪಿನ್ನಿನ ವೋಲ್ಟೇಜ್ ಹಿಡಿದಿಡುವ ರೆಸಿಸ್ಟರ್) ಇದ್ದರೆ 330 ಮೈಕ್ರೋಆಂಪ್ ಸುಮ್ಮನೆ ಸೋರುತ್ತದೆ. ಅದಕ್ಕೆ 1 ಮೆಗಾಓಮ್ ಹಾಕಿ ಅಂತ ಅಂತರ್ಜಾಲದಲ್ಲಿ ಬರೆದಿರುತ್ತಾರೆ. ಒಣ ಊರಿಗೆ ಅದು ಸರಿ. ಇಲ್ಲಿ ಬೋರ್ಡಿನ ಮೇಲೆ ತೇವ ಕೂತರೆ ಎರಡು ಪಿನ್ ನಡುವಿನ ಸೋರಿಕೆಯೇ ಮೆಗಾಓಮ್ ಮಟ್ಟಕ್ಕೆ ಇಳಿದು, ಬಕೆಟ್ ಮಗುಚದೆ ಎಣಿಕೆ ಏರುತ್ತದೆ. 47ರಿಂದ 100 ಕಿಲೋಓಮ್ ನಡುವೆ ಇಡಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಒಂದು ಟಿಪ್ ಆದ ಮೇಲೆ 200 ಮಿಲಿಸೆಕೆಂಡ್ ಬರುವುದನ್ನೆಲ್ಲ ಪ್ರೋಗ್ರಾಮಿನಲ್ಲಿ ಬಿಟ್ಟುಬಿಡಿ. ಬೋರ್ಡಿಗೆ ಅಕ್ರಿಲಿಕ್ ಲೇಪನ ಎರಡು ಸಲ, ಆಂಟೆನಾ ಕನೆಕ್ಟರ್ ಮುಚ್ಚಿಕೊಂಡು.

ಡಬ್ಬ ಐಪಿ67 ಅಂತ ಪೂರ್ತಿ ಬಿಗಿದು ಮರೆತರೂ ತೊಂದರೆ. ಹಗಲು ಬಿಸಿಯಾಗಿ ಗಾಳಿ ಹೊರಹೋಗುತ್ತದೆ, ಸಂಜೆ ತಣಿದಾಗ ಕೇಬಲ್ ಸಂದಿಯಿಂದ ತೇವದ ಗಾಳಿ ಒಳಗೆಳೆಯುತ್ತದೆ, ಒಳಗೇ ನೀರು ನಿಲ್ಲುತ್ತದೆ. ಉಸಿರಾಡುವ ಪೊರೆಯ ವೆಂಟ್ ಹಾಕಿ. ಸಿಗದಿದ್ದರೆ ತಳದಲ್ಲಿ 3 ಮಿ.ಮೀ. ತೂತು, ಅದಕ್ಕೆ ಇರುವೆ ಜಾಲರಿ.

ಹೊಸಬ_ನಾಪೋಕ್ಲು:
ಇಷ್ಟೆಲ್ಲ ಯಾಕೆ? ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿ ಮಾಪಕ ಇದೆ, 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಅದು ಬೇಡ ಅಂದರೆ ಅಲುಗುವ ಭಾಗವೇ ಇಲ್ಲದ, ಹನಿ ಬಿದ್ದ ಪೆಟ್ಟಿನಿಂದ ಮಳೆ ಅಳೆಯುವ ಪೀಜೋ ಕೇಂದ್ರಗಳು ಸಿದ್ಧವಾಗಿ ಸಿಗುತ್ತವೆ. ಇರುವೆ, ಎಲೆ ಯಾವುದರ ಗೊಡವೆಯೂ ಇಲ್ಲ.

ಪುಷ್ಪಗಿರಿ:
ಪಂಚಾಯಿತಿ ಮಾಪಕದ ಲೆಕ್ಕ ಖಂಡಿತ ನೋಡಿ, ಹೋಲಿಕೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕೊಡಗಿನಲ್ಲಿ ಮಳೆ ಬೆಟ್ಟ ನೋಡಿಕೊಂಡು ಬೀಳುತ್ತದೆ. ಪಶ್ಚಿಮದ ಭಾಗಮಂಡಲದಲ್ಲಿ ಬೀಳುವುದು ಪೂರ್ವದ ಕುಶಾಲನಗರದ ಹಲವು ಪಟ್ಟು. ಒಂದೇ ಪಂಚಾಯಿತಿಯೊಳಗೆ ಬೆಟ್ಟದ ಆಚೆ ಈಚೆ ವ್ಯತ್ಯಾಸ ಇರುತ್ತದೆ. ಮಾರ್ಚ್‌ನ ಗುಡುಗು ಮಳೆಯಂತೂ ರಸ್ತೆಯ ಈ ಬದಿಗೆ ಬಂದು ಆ ಬದಿಗೆ ಬರುವುದಿಲ್ಲ. ಹೂ ಮಳೆಗೆ ನಿಮ್ಮ ತೋಟದ ಅಳತೆಯೇ ಬೇಕು.

ಪೀಜೋ ಬಗ್ಗೆ: ಅದು ಹನಿಯ ಗಾತ್ರ ಊಹಿಸಿ ಮಳೆ ಲೆಕ್ಕ ಹಾಕುತ್ತದೆ. ನಮ್ಮ ಜುಲೈಯ ಸಣ್ಣ ಜಿನುಗಿಗೂ ಏಪ್ರಿಲ್‌ನ ದಪ್ಪ ಹನಿಗೂ ಒಂದೇ ಊಹೆ ಹೊಂದುವುದಿಲ್ಲ. ಹತ್ತಿರದ ಕೊಂಬೆಯಿಂದ ತೊಟ್ಟಿಕ್ಕುವ ದೊಡ್ಡ ಹನಿ ಬಿದ್ದರೆ ಇನ್ನೂ ಕೆಡುತ್ತದೆ. ಅದಕ್ಕಿಂತ ಮುಖ್ಯ, ಅದನ್ನು ಮನೆಯಲ್ಲಿ ನೀರು ಸುರಿದು ತಿದ್ದಲು ಆಗುವುದಿಲ್ಲ. ವರ್ಕ್‌ಶಾಪ್ ಹೇಳಿದ ಡ್ರಿಪ್ ಸೆಟ್ ಪರೀಕ್ಷೆ ಬಕೆಟ್ಟಿಗೆ ಮಾತ್ರ ಸಾಧ್ಯ. ಪರೀಕ್ಷಿಸಲಾಗದ ಉಪಕರಣ ನನಗೆ ಬೇಡ.

ಇಡುವ ಜಾಗ ಉಪಕರಣಕ್ಕಿಂತ ದೊಡ್ಡದು. ಸುತ್ತಲಿನ ಮರ, ಮನೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬೇಕು. ತೋಟದಲ್ಲಿ ಅಷ್ಟು ಬಯಲು ಸಿಗುವುದು ಕಾಫಿ ಒಣಗಿಸುವ ಕಣದ ಹತ್ತಿರ ಮಾತ್ರ. ಆದರೆ ಸಿಮೆಂಟ್ ನೆಲದ ಅಂಚಿಗೇ ಇಟ್ಟರೆ ಚಿಮ್ಮಿದ ನೀರು ಒಳಬೀಳುತ್ತದೆ, ಕೆಲವು ಮೀಟರ್ ಸರಿಸಿ ಹುಲ್ಲಿನ ಮೇಲೆ ಇಡಿ. ಚಾವಣಿಯ ಮೇಲೆ ಬೇಡ, ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗುತ್ತದೆ. ಕಣ ಮನೆಯ ಮಗ್ಗುಲಲ್ಲೇ ಇರುವವರಿಗೆ 600 ಮೀಟರಿನ ಲೋರಾ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ, ವೈಫೈ ಸಾಕು.

ಸಂದೇಶದಲ್ಲಿ ಏನು ಕಳಿಸಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ. "ಕಳೆದ 15 ನಿಮಿಷದಲ್ಲಿ 12 ಟಿಪ್" ಅಂತ ಕಳಿಸಬೇಡಿ. ಒಂದು ಸಂದೇಶ ಕಳೆದರೆ ಅಷ್ಟು ಮಳೆಯೂ ಕಳೆದುಹೋಯಿತು. "ಶುರುವಿನಿಂದ ಇಲ್ಲಿಯವರೆಗೆ 8,431 ಟಿಪ್" ಅಂತ ಒಟ್ಟು ಎಣಿಕೆ ಕಳಿಸಿ. ಮಧ್ಯೆ ಹತ್ತು ಸಂದೇಶ ಕಳೆದರೂ ಹನ್ನೊಂದನೆಯದು ಬಂದಾಗ ಒಟ್ಟು ಸರಿಯಾಗಿಯೇ ಇರುತ್ತದೆ. ಎರಡು ಟಿಪ್ ನಡುವಿನ ಅತಿ ಕಡಿಮೆ ಅಂತರವನ್ನೂ ಜತೆಗೆ ಕಳಿಸಿ, ಜೋರು ಎಷ್ಟಿತ್ತೆಂದು ಗೊತ್ತಾಗುತ್ತದೆ. ನೋಡ್ ಯಂತ್ರದಲ್ಲಿ ಗಡಿಯಾರ ಬೇಡ, ಸಮಯದ ಮೊಹರು ಮನೆಯ ರಿಸೀವರ್ ಒತ್ತಲಿ.

ಎಣಿಕೆಯನ್ನು ಸೆಲ್ ತೆಗೆದರೂ ಉಳಿಯುವಂತೆ ಎಫ್‌ರ್‍ಯಾಮ್ ಚಿಪ್ಪಿನಲ್ಲಿ ಬರೆಯಿರಿ. ವರ್ಷಕ್ಕೆ 4,000 ಮಿ.ಮೀ. ಮಳೆ ಅಂದರೆ 20,000 ಟಿಪ್. 1 ಲಕ್ಷ ಸಲ ಮಾತ್ರ ಬರೆಯಬಹುದಾದ ಇಇಪ್ರಾಮ್ ಎಂಬ ನೆನಪಿನ ಚಿಪ್ಪಿನ ಒಂದೇ ಜಾಗಕ್ಕೆ ಬರೆಯುತ್ತಾ ಹೋದರೆ 5 ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ.

ಸೆಂಟುಪುಸ್ತಕ:
ಈ ಲೆಕ್ಕವೆಲ್ಲ ಒಪ್ಪಿದರೂ ನನ್ನ ಪ್ರಶ್ನೆ ಹಾಗೇ ಇದೆ. ಪರದೆಯಲ್ಲಿ 60 ಸೆಂಟು ಅಂತ ಬಂದಾಗ ಅದು 60 ಹೌದೋ ಅಲ್ಲವೋ ಹೇಳುವವರು ಯಾರು? ಕೈಮಾಪಕ ಪಕ್ಕದಲ್ಲಿ ಇರಲೇಬೇಕು. ಇದ್ದರೆ ಬಕೆಟ್ಟಿಗೆ ಸುರಿದ ದುಡ್ಡು ಎರಡನೇ ಲೆಕ್ಕಕ್ಕೆ ಹೋಯಿತು.

ಇನ್ನೊಂದು, ಹೋಲಿಸುವಾಗ ದಿನದ ಗಡಿ ನೋಡಿಕೊಳ್ಳಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನಾಂಕಕ್ಕೆ ಬರೆಯುತ್ತಾರೆ. ಎಷ್ಟೋ ತೋಟಗಳಲ್ಲಿ ಕೆಲಸದವರು ಸೇರುವ ಮೊದಲು ಅಳೆದು, ಹಿಂದಿನ ದಿನಾಂಕಕ್ಕೆ ಬರೆಯುವ ರೂಢಿ. ಕಂಪ್ಯೂಟರ್ ಮಧ್ಯರಾತ್ರಿಗೆ ದಿನ ಮುಗಿಸುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು "ಬಕೆಟ್ ಸುಳ್ಳು" ಅಂದರೆ ಅದು ಬಕೆಟ್ಟಿಗೆ ಮಾಡಿದ ಅನ್ಯಾಯ. ಹಾಗೆಯೇ 5 ಇಂಚು ಬಾಯಿಯ ಮಾಪಕದ ಅಳತೆ ಕೊಳವೆ ಒಡೆದಾಗ 8 ಇಂಚಿನದನ್ನು ತಂದು ಅಳೆದರೆ ಮಳೆ 2.56 ಪಟ್ಟು ಕಡಿಮೆ ಬರುತ್ತದೆ, ಅದಲುಬದಲಾದರೆ ಅಷ್ಟೇ ಹೆಚ್ಚು. ಕೈ ಅಳತೆಯಲ್ಲೂ ಅದರದೇ ಗುಂಡಿಗಳಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಗೋಣಿಕೊಪ್ಪ_ವರ್ಕ್‌ಶಾಪ್:
ಎರಡು ಮಾಪಕ ಯಾಕೆ? ಬಕೆಟ್ ಮಗುಚಿ ಹೊರಗೆ ಚೆಲ್ಲುವ ನೀರು ಇದೆಯಲ್ಲ, ಅದನ್ನು ಯಾಕೆ ನೆಲಕ್ಕೆ ಬಿಡುತ್ತೀರಿ? ಎರಡೂ ಬದಿಯ ಹೊರದಾರಿಯನ್ನು ಒಂದೇ ಆಲಿಕೆಗೆ ಸೇರಿಸಿ, ಪೈಪಿನಲ್ಲಿ ಕ್ಯಾನಿಗೆ ಇಳಿಸಿ. ಬೆಳಿಗ್ಗೆ ಕ್ಯಾನಿನ ನೀರು ಅಳೆಯಿರಿ. ಒಟ್ಟು ಎಷ್ಟು ಅನ್ನುವುದಕ್ಕೆ ಕ್ಯಾನೇ ಸಾಕ್ಷಿ, ಯಾವಾಗ ಅನ್ನುವುದಕ್ಕೆ ಟಿಪ್. ಮಗುಚುವಾಗ ಲೆಕ್ಕ ತಪ್ಪಿದ ನೀರೂ ಕ್ಯಾನಿನಲ್ಲಿ ಇದ್ದೇ ಇರುತ್ತದೆ. ಕ್ಯಾನ್ ಮತ್ತು ಟಿಪ್ ನಡುವಿನ ವ್ಯತ್ಯಾಸ ಜೋರು ಮಳೆಯ ದಿನ ಮಾತ್ರ ಬಂದರೆ ಅದು ಬಕೆಟ್ಟಿನ ಸಹಜ ನಷ್ಟ. ಜಿನುಗಿನ ದಿನವೂ ಬಂದರೆ ಸ್ಕ್ರೂ ಸಡಿಲ, ಅಥವಾ ಕೆಸರು ಕೂತಿದೆ. ಕ್ಯಾನಿನಲ್ಲಿ ನೀರಿದ್ದು ಟಿಪ್ ಸೊನ್ನೆ ಇದ್ದರೆ ರೀಡ್ ಸ್ವಿಚ್ ಸತ್ತಿದೆ, ಅಥವಾ ಬಕೆಟ್ ಅಲುಗುತ್ತಿಲ್ಲ. ಎರಡೂ ಸೊನ್ನೆ ಇದ್ದು ನೆಲ ಒದ್ದೆಯಾಗಿದ್ದರೆ ಆಲಿಕೆ ಕಟ್ಟಿದೆ. ರೋಗ ಪತ್ತೆಗೆ ಇದಕ್ಕಿಂತ ಸುಲಭ ದಾರಿ ನಾನು ಕಾಣೆ.

200 ಮಿ.ಮೀ. ಬಾಯಿಗೆ 1 ಲೀಟರ್ ಅಂದರೆ 31.8 ಮಿ.ಮೀ. ಮಳೆ, ಅಂದರೆ 1 ಇಂಚು 25 ಸೆಂಟು. 20 ಲೀಟರ್ ಕ್ಯಾನ್ 636 ಮಿ.ಮೀ. ಹಿಡಿಯುತ್ತದೆ. ಹವಾಮಾನ ಇಲಾಖೆ ಅತ್ಯಂತ ಭಾರಿ ಅಂತ ಕರೆಯುವುದು 204.4 ಮಿ.ಮೀ. ದಾಟಿದ ದಿನವನ್ನು, ಅಂಥ ಮೂರು ದಿನ ಅಳೆಯಲು ಹೋಗಲಾಗದಿದ್ದರೂ ತುಂಬಿ ಹರಿಯುವುದು ಕಷ್ಟ. ಕ್ಯಾನನ್ನು ಮಾಪಕದ ಕೆಳಗೆ ಗುಂಡಿ ತೋಡಿ ಇಡಬೇಡಿ, ಜುಲೈಯಲ್ಲಿ ಗುಂಡಿಯೇ ತುಂಬಿ ಕ್ಯಾನ್ ತೇಲುತ್ತದೆ. ನಮ್ಮ ಜಾಗವೆಲ್ಲ ಇಳಿಜಾರು, ಒಂದೆರಡು ಮೀಟರ್ ಕೆಳಗೆ ಇಟ್ಟು ಪೈಪ್ ಇಳಿಸಿದರಾಯಿತು. ಪೈಪ್ ನಡುವೆ ಎಲ್ಲೂ ತಗ್ಗಬಾರದು, ತಗ್ಗಿದಲ್ಲಿ ನೀರು ನಿಂತು ಮರುದಿನದ ಲೆಕ್ಕಕ್ಕೆ ಸೇರುತ್ತದೆ. ಕ್ಯಾನ್ ಕಪ್ಪು ಬಣ್ಣದ್ದಿರಲಿ, ಬಿಳಿಯದರಲ್ಲಿ ಪಾಚಿ ಬರುತ್ತದೆ. ಮುಚ್ಚಳಕ್ಕೆ ಸೊಳ್ಳೆ ಪರದೆಯ ತುಂಡು.

ಮಳೆಲೆಕ್ಕ:
ಕ್ಯಾನಿನ ಉಪಾಯ ಒಪ್ಪಿದೆ. ಸೋಲಾರ್ ಕೈಬಿಟ್ಟೆ. ಇನ್ನೊಂದು ಆಸೆ: ಗಂಟೆಗೆ ಇಂತಿಷ್ಟು ದಾಟಿದರೆ ಬರೆ (ಕಡಿದಾದ ಮಣ್ಣಿನ ಇಳಿಜಾರು) ಜರಿಯಬಹುದು ಅಂತ ಮನೆಯಲ್ಲಿ ಸೈರನ್ ಕೂಗಿಸಬಹುದೇ? 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಇದು ಎಲ್ಲರ ಮನಸ್ಸಿನಲ್ಲೂ ಇದೆ.

ಪುಷ್ಪಗಿರಿ:
ಸೈರನ್ ಕೂಗಿಸುವುದು ಸುಲಭ, ಅದಕ್ಕೊಂದು ಅಂಕಿ ಕೊಡುವುದು ಸುಲಭವಲ್ಲ. ಮಾಪಕ ಅಳೆಯುವುದು ಬಿದ್ದ ನೀರನ್ನು, ಮಣ್ಣಿನೊಳಗಿನ ಒತ್ತಡವನ್ನಲ್ಲ. ಒಂದೇ ಮಳೆ ಜೂನ್‌ನ ಒಣ ಮಣ್ಣಿಗೆ ಬಿದ್ದರೆ ಇಂಗುತ್ತದೆ, ಎರಡು ತಿಂಗಳು ನೆನೆದ ಮಣ್ಣಿಗೆ ಬಿದ್ದರೆ ಜಾರಿಸುತ್ತದೆ. 2018ರಲ್ಲೂ ಆಗಸ್ಟ್ ನಡುವಿನ ಮಳೆ ಬಿದ್ದದ್ದು ಆಗಲೇ ನೆನೆದು ನಿಂತಿದ್ದ ಬೆಟ್ಟದ ಮೇಲೆ. ಇಳಿಜಾರನ್ನು ಎಲ್ಲಿ ಕಡಿದಿದ್ದಾರೆ, ನೀರಿನ ದಾರಿ ಎಲ್ಲಿ ಮುಚ್ಚಿದೆ ಅನ್ನುವುದು ಬಕೆಟ್ಟಿಗೆ ತಿಳಿಯದು. ಸೈರನ್ ಕೂಗಲಿಲ್ಲ ಅಂತ ಯಾರೂ ನೆಮ್ಮದಿಯಾಗಿ ಮಲಗಬಾರದು, ಅದು ಅತಿ ಅಪಾಯದ ಬಳಕೆ.

ಬೇಕಿದ್ದರೆ ಪರದೆಯಲ್ಲಿ ಮೂರು ಅಂಕಿ ಪಕ್ಕಪಕ್ಕ ಇಡಿ: ಕಳೆದ 1 ಗಂಟೆ, ಕಳೆದ 3 ದಿನ, ಕಳೆದ 15 ದಿನ. ಮೂರೂ ಏರಿದಾಗ ಹಗಲಿನಲ್ಲೇ ಬರೆಯ ಮೇಲೆ ಹೊಸ ಬಿರುಕು, ವಾಲಿದ ಮರ, ದಿಢೀರ್ ಕೆಂಪಾದ ಅಥವಾ ದಿಢೀರ್ ನಿಂತ ತೊರೆ ನೋಡಿಕೊಂಡು ಬನ್ನಿ. ಜಾಗ ಬಿಡಿ ಅಂತ ಜಿಲ್ಲಾಡಳಿತ ಹೇಳಿದರೆ ಪರದೆ ನೋಡುತ್ತಾ ಕೂರಬೇಡಿ.

ಕಿಗ್ಗಟ್ಟುನಾಡು_ರೇಡಿಯೊ:
ಏಪ್ರಿಲ್, ಮೇ ಗುಡುಗಿನ ವಿಷಯ ಸೇರಿಸುತ್ತೇನೆ. ಬಕೆಟ್ಟಿನಿಂದ ನೋಡ್ ಡಬ್ಬಕ್ಕೆ 20 ಮೀಟರ್ ತಂತಿ ಎಳೆಯುವವರಿದ್ದಾರೆ. ಹತ್ತಿರದಲ್ಲಿ ಸಿಡಿಲು ಬಿದ್ದರೆ ಆ ತಂತಿಯಲ್ಲೇ ಹುಟ್ಟುವ ವೋಲ್ಟೇಜ್ ಚಿಪ್ಪಿಗೆ ಸಾಕು. ಡಬ್ಬ ಮಾಪಕದ ಕಂಬಕ್ಕೇ ಇರಲಿ, ತಂತಿ ಅರ್ಧ ಮೀಟರ್ ದಾಟದಿರಲಿ. ಮನೆಯ ಕಡೆ ಜಿಐ ಪೈಪ್ ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಕೊಟ್ಟು, ಅದನ್ನು ಮನೆಯ ಅರ್ಥಿಂಗಿಗೆ ದಪ್ಪ ತಾಮ್ರದಿಂದ ಜೋಡಿಸಿ. ಆಂಟೆನಾ ದಾರಿಯಲ್ಲಿ ಗ್ಯಾಸ್ ಟ್ಯೂಬ್ ಅರೆಸ್ಟರ್. ಕಂಬದಿಂದ ಇಳಿಯುವ ಈಥರ್ನೆಟ್ ನೇರ ರೌಟರಿಗೆ ಹೋಗಬಾರದು, ನಡುವೆ ಸರ್ಜ್ ಪ್ರೊಟೆಕ್ಟರ್ ಇರಲಿ. ನೇರ ಸಿಡಿಲನ್ನು ಇವು ಯಾವುದೂ ತಡೆಯುವುದಿಲ್ಲ. ಗುಡುಗು ಹತ್ತಿರವಾದಾಗ ಮನೆಯ ತುದಿ ಕಳಚಿಡುವುದೇ ಸರಿ. ಎಣಿಕೆ ನೋಡಿನಲ್ಲಿ ಉಳಿದಿರುತ್ತದೆ, ಪುನಃ ಜೋಡಿಸಿದಾಗ ಒಟ್ಟು ಬರುತ್ತದೆ.

ಸೆಂಟುಪುಸ್ತಕ:
ಕ್ಯಾನ್ ಇಟ್ಟರೆ ನನ್ನ ತಕರಾರು ಮುಕ್ಕಾಲು ಇಳಿಯಿತು. ಉಳಿದ ಕಾಲು ಭಾಗ 0.2 ಮಿ.ಮೀ.ಗೆ ಸೇರಿದ್ದು. ದಶಕಗಳ ಪುಸ್ತಕ ಇಂಚು ಸೆಂಟಿನಲ್ಲಿದೆ, ತೋಟದಲ್ಲಿ ಮಾತಾಡುವುದೂ ಸೆಂಟಿನಲ್ಲೇ. ಟಿಪ್ ಒಂದಕ್ಕೆ ಸರಿಯಾಗಿ 1 ಸೆಂಟು ಮಾಡಲು ಬರುತ್ತದೆಯೇ? ಆಗ ಟಿಪ್ ಎಣಿಕೆಯನ್ನು ಹಾಗೇ ಪುಸ್ತಕಕ್ಕೆ ಇಳಿಸಬಹುದು.

ಗೋಣಿಕೊಪ್ಪ_ವರ್ಕ್‌ಶಾಪ್:
ಬರುತ್ತದೆ. 8 ಇಂಚು, ಅಂದರೆ 203.2 ಮಿ.ಮೀ. ಬಾಯಿ ತೆಗೆದುಕೊಳ್ಳಿ, ವಿಸ್ತೀರ್ಣ 324.3 ಚದರ ಸೆಂ.ಮೀ. 1 ಸೆಂಟು ಅಂದರೆ 0.254 ಮಿ.ಮೀ., ಅದಕ್ಕೆ 8.24 ಮಿ.ಲೀ. ನೀರು. ಬಕೆಟ್ಟಿನ ಎರಡೂ ಬದಿ ಅಷ್ಟಕ್ಕೇ ಮಗುಚುವಂತೆ ಕೆಳಗಿನ ತಡೆ ಸ್ಕ್ರೂ ತಿರುಗಿಸಬೇಕು. ಸ್ಕ್ರೂ ಇಳಿಸಿದರೆ ಮಗುಚಲು ಹೆಚ್ಚು ನೀರು ಬೇಕು, ಏರಿಸಿದರೆ ಕಡಿಮೆ. ಮೊದಲು ಗುಳ್ಳೆಮಟ್ಟ ಇಟ್ಟು ತಳ ಸಮ ಮಾಡಿಕೊಳ್ಳಿ, ಓರೆ ಇದ್ದರೆ ಮುಂದಿನದೆಲ್ಲ ವ್ಯರ್ಥ.

10 ಮಿ.ಲೀ. ಸಿರಿಂಜಿನಲ್ಲಿ ನಿಧಾನ ಹನಿಸುತ್ತಾ ಎಡಬದಿ ಎಷ್ಟಕ್ಕೆ ಮಗುಚಿತು, ಬಲಬದಿ ಎಷ್ಟಕ್ಕೆ ಅಂತ ಬೇರೆ ಬೇರೆ ನೋಡಿ, ಪ್ರತಿ ಬದಿಗೂ ಹತ್ತು ಸಲ. ಇಲ್ಲಿ ಅವಸರ ಬೇಡ: ಎಡ 7.7, ಬಲ 8.8 ಇದ್ದರೂ ಎರಡರ ಸರಾಸರಿ ಸರಿಯಾಗೇ ಬರುತ್ತದೆ, 1 ಲೀಟರಿಗೆ 121 ಟಿಪ್ ಸರಿಯಾಗೇ ತೋರುತ್ತದೆ. ಆದರೆ ಮಗುಚುವ ಅಂತರ ಒಂದು ಉದ್ದ ಒಂದು ಗಿಡ್ಡ ಆಗಿ, ಜೋರಿನ ಲೆಕ್ಕ ಹಾಕುವ ಕೋಷ್ಟಕ ಕೆಡುತ್ತದೆ. ಎರಡು ಬದಿಯ ವ್ಯತ್ಯಾಸ 0.2 ಮಿ.ಲೀ. ಒಳಗೆ ಬರುವವರೆಗೆ ತಿರುಗಿಸಿ, ನಟ್ಟು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಸ್ಕ್ರೂ ಕದಲುವುದು ಹೆಚ್ಚು.